ಕಮಾನಿನ ಕೆಳಗೆ, ಬನಿಯನ್ನಿನಲ್ಲಿ

ಕೆಡವಬೇಕಾದ ಕಮಾನಿಗೆ ಕೆಂಪು ಗುರುತು ಬಳಿದು, ಅದೇ ಹಸಿ ಬಣ್ಣಕ್ಕೆ ಒರಗಿ ನಿಂತ ಮಹಾಬುದ್ಧಿವಂತ ನಾನೇ. ಹುಮನಾಬಾದಿನ ಬಸ್ಸು ಬಸವಕಲ್ಯಾಣದ ಹಳೇ ಪೇಟೆಯೊಳಗೆ ಬರಬೇಕಾದರೆ ರಸ್ತೆ ಅಗಲವಾಗಬೇಕಿತ್ತು.

"ಸಾಹೇಬ್ರ, ಗುರ್ತು ನಿಮ್ಮ ಬೆನ್ನಿಗೂ ಬಿತ್ತು. ನಿಮ್ಮನ್ನೂ ಕೆಡವತಾರೇನ್ರಿ?" ಎಂದರು ಕಮಾನಿನ ಕೆಳಗೆ ಹೊಲಿಯುತ್ತಿದ್ದ ಮುದುಕ ದರ್ಜಿ. ಅಂಗಿ ಬಿಚ್ಚಿಸಿಕೊಂಡು ಸೀಮೆಎಣ್ಣೆ ಹಾಕಿ ತಿಕ್ಕತೊಡಗಿದರು. ನಾನು ಬನಿಯನ್ನಿನಲ್ಲಿ ಕೂತು ಇಡೀ ಪೇಟೆಗೆ ಪುಕ್ಕಟೆ ತಮಾಷೆಯಾದೆ.

ಹೊರಗೆ ಸುಡುವ ಬಿಸಿಲು, ಕಮಾನಿನೊಳಗೆ ತಣ್ಣನೆ ಗಾಳಿ. ಬಂದವರೆಲ್ಲ ಅಲ್ಲಿ ಗಂಟು ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದರು. ನನ್ನ ನಕ್ಷೆಯಲ್ಲಿ ಆ ಜಾಗ ಬರೀ ರಸ್ತೆ.

"ನಿಮಗ ಹೊಸ ಮಳಿಗೆ ಕೊಡ್ತಾರ, ಚಾಚಾ," ಎಂದೆ.

"ಕೊಡ್ಲಿ, ಬಸ್ಸೂ ಬರ್ಲಿ," ಎಂದು ಅಂಗಿ ಕೈಗಿತ್ತರು. "ಖರೇ, ಊರಾಗ ನನ್ನ ಹೆಸರು ಯಾರಿಗೂ ಗೊತ್ತಿಲ್ರಿ. ಎಲ್ಲಾರೂ ಕಮಾನಿನ ದರ್ಜಿ ಅಂತಾರ. ಕಮಾನ ಹೋದ ಮ್ಯಾಲ ನನಗ ಏನಂತ ಕರೀಬೇಕ್ರಿ?"