ಎಂಟನೇ ಅಂಗಡಿಯ ಚಿಪ್ಪರ್

ನಮ್ಮ ಚಿಕ್ಕಪ್ಪ ಕುಪ್ಪಸಾಮಿಗೆ ಒಂದು ವಸ್ತುವನ್ನು ಕೊಳ್ಳುವುದಕ್ಕಿಂತ ಆರಿಸುವುದರಲ್ಲೇ ಸುಖ ಜಾಸ್ತಿ. ಪೊಳ್ಳಾಚಿ ಸಂತೆಯಲ್ಲಿ ಒಮ್ಮೆ ಒಂದು ಎಮ್ಮೆಯನ್ನು ಎಷ್ಟು ಹೊತ್ತು ಪರೀಕ್ಷೆ ಮಾಡಿದರೆಂದರೆ, ಎಮ್ಮೆ ಬೇಸತ್ತು ಮಲಗಿಬಿಟ್ಟಿತು. ಮಲಗುವ ಎಮ್ಮೆ ಸೋಮಾರಿ ಎಂದು ತೀರ್ಮಾನಿಸಿ ಇವರು ಬರಿಗೈಯಲ್ಲಿ ಮನೆಗೆ ಬಂದರು.

ಅವರ ತೋಟ ತಮಿಳುನಾಡಿನ ಮಡತ್ತುಕುಳಂ ಹತ್ತಿರ. ತೆಂಗು, ಬೇಲಿಯುದ್ದಕ್ಕೂ ಬೇವು, ತೇಗ. ದಿನಾ ಬೀಳುವ ಗರಿ, ಗಾಳಿಗೆ ಮುರಿಯುವ ಕೊಂಬೆ, ಎಲ್ಲವನ್ನೂ ಮಚ್ಚಿನಲ್ಲಿ ಕಡಿದು ಮರದ ಬುಡಕ್ಕೆ ಹಾಕುವವಳು ಚಿಕ್ಕಮ್ಮ ಸೆಲ್ಲಮ್ಮ. ಎರಡು ವರ್ಷದ ಹಿಂದೆ ಅವಳ ಬಲಗೈ ಮಣಿಕಟ್ಟು ಊದಿಕೊಂಡಿತು. ಆ ಕೈಯಲ್ಲಿ ಮಚ್ಚು ಹಿಡಿಯಲೇಬಾರದು ಅಂದರು ಡಾಕ್ಟರು.

"ಕವಲೆ ಬೇಡ, ಚಿಂತೆ ಬಿಡು, ಕೊಂಬೆ ಪುಡಿ ಮಾಡೋ ಚಿಪ್ಪರ್ ಮಿಷಿನ್ ತಂದ್ಬಿಡ್ತೀನಿ," ಅಂದರು ಚಿಕ್ಕಪ್ಪ. ಅಂದವರು ಆರಿಸಲು ಕೂತರು. ಎರಡು ವರ್ಷದಲ್ಲಿ ಏಳು ಅಂಗಡಿ ಆಯಿತು. ಒಂದು ಮಿಷಿನ್ನಿಗೆ ಬ್ಲೇಡು ಸರಿಯಿಲ್ಲ, ಒಂದಕ್ಕೆ ಚಕ್ರ ಚಿಕ್ಕದು, ಇನ್ನೊಂದರಲ್ಲಿ ಎಲ್ಲಾ ಸರಿ, ಆದರೆ ಅಂಗಡಿಯವನ ಮೀಸೆ ನಂಬುವ ಹಾಗಿರಲಿಲ್ಲ. ಅಷ್ಟೂ ದಿನ ಚಿಕ್ಕಮ್ಮ ಎಡಗೈಯಲ್ಲಿ ಕಡಿಯುತ್ತಾ ಹೋದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಎಂಟನೇ ಸಲ ಕೊಯಮತ್ತೂರಿಗೆ ಹೊರಟಾಗ ಚಿಕ್ಕಮ್ಮ "ನಾನೂ ಬರ್ತೀನಿ" ಅಂದು ಸೀರೆ ಬದಲಾಯಿಸಿಯೇಬಿಟ್ಟಳು. ಇಂಗ್ಲಿಷ್ ಓದಿ ಹೇಳಲು ನಾನು. ಚಿಕ್ಕಪ್ಪನ ಹಳದಿ ಕೈಚೀಲದಲ್ಲಿ ಗರಿಯ ಬುಡದ ದಪ್ಪ ಮಟ್ಟೆಯ ತುಂಡೊಂದು, ಸ್ಯಾಂಪಲ್. ಏಳೂ ಅಂಗಡಿ ನೋಡಿದ ಅನುಭವಸ್ಥ ತುಂಡು ಅದು.

ಗಾಂಧಿಪುರಂನಲ್ಲಿ ಬಸ್ಸಿಳಿದು ಆಟೋದವರೊಬ್ಬರನ್ನು ಚಿಪ್ಪರ್ ಎಲ್ಲಿ ಸಿಗುತ್ತೆ ಅಂತ ಕೇಳಿದೆವು. ಅವರು ಬಹಳ ಕಾಳಜಿಯಿಂದ ಬಾಳೆಕಾಯಿ ಚಿಪ್ಸ್ ಅಂಗಡಿಯ ಮುಂದೆ ಬಿಟ್ಟು ಹೋದರು. ಚಿಕ್ಕಪ್ಪ ಅಲ್ಲೂ ಸುಮ್ಮನಿರದೆ, ಬಾಳೆಕಾಯಿ ಹೆರೆಯುವ ಬ್ಲೇಡಿನ ಬಗ್ಗೆ ಹತ್ತು ನಿಮಿಷ ವಿಚಾರಿಸಿದರು.

ಕೊನೆಗೆ ಸರಿಯಾದ ಅಂಗಡಿ ಸಿಕ್ಕಿತು. ಮಾರುವವನ ಹೆಸರು ಗುರುಪ್ರಸನ್ನ ಅಂತ ಅಂಗಿಯ ಮೇಲೆ ಇಂಗ್ಲಿಷಿನಲ್ಲಿತ್ತು. ತಮಿಳಿನಲ್ಲೇ ಎಲ್ಲ ವಿವರಿಸಿ ಟೀ ತರಲು ಹೋದ. ಚಿಕ್ಕಮ್ಮ ಆ ತುದಿಯಲ್ಲಿ ಮಿಷಿನ್‌ಗಳನ್ನು ಮುಟ್ಟಿ ನೋಡುತ್ತಿದ್ದಳು. ನಾವು ಮನೆಯಲ್ಲಿ ಆಡುವ ಕನ್ನಡ ಕೊಯಮತ್ತೂರಿನ ಅಂಗಡಿಯಲ್ಲಿ ಯಾರಿಗೂ ಅರ್ಥವಾಗದು ಎಂಬುದು ಚಿಕ್ಕಪ್ಪನ ಗಟ್ಟಿ ನಂಬಿಕೆ. ಗುರುಪ್ರಸನ್ನ ಟೀ ಲೋಟ ಕೈಗೆ ಕೊಡುತ್ತಿರುವಾಗಲೇ ಚಿಕ್ಕಪ್ಪ ನನ್ನ ಕಡೆ ತಿರುಗಿ ಆರಾಮಾಗಿ ಹೇಳಿದರು.

"ನಿವೇತಾ, ಇವತ್ತೂ ತಗೊಳ್ಳೋದೇನಿಲ್ಲ. ಇನ್ನೂ ಎರಡು ಕಡೆ ನೋಡೋದು ಪಾಕಿ ಅದೆ. ಟೀ ಕುಡ್ದು ಮೆಲ್ಲಗೆ ಕಳಚ್ಕೊಳ್ಳೋಣ. ಮಿಷಿನ್ ಬಾಯಿ ಚಿಕ್ಕದು ಅಂತ ನಿನ್ ಚಿಕ್ಕಮ್ಮಂಗೆ ಹೇಳ್ಬಿಡು."

ಗುರುಪ್ರಸನ್ನ ನೇರವಾಗಿ ಚಿಕ್ಕಮ್ಮನ ಹತ್ತಿರ ಹೋದ. "ಅಮ್ಮಾ, ನಿಮ್ಮ ಯಜಮಾನರು ಇವತ್ತೂ ತಗೊಳ್ಳೋದಿಲ್ಲವಂತೆ. ಬಾಯಿ ಚಿಕ್ಕದು ಅಂತ ನಿಮಗೆ ಹೇಳಬೇಕಂತೆ. ನಮ್ಮ ಮನೇಲೂ ಕನ್ನಡಾನೇ," ಅಂದ ಅಚ್ಚುಕಟ್ಟಾದ ಕನ್ನಡದಲ್ಲಿ.

ಚಿಕ್ಕಪ್ಪನಿಗೆ ಟೀ ನೆತ್ತಿಗೇರಿತು. ನಾನು ಬೆನ್ನು ತಟ್ಟಿದೆ, ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ.

ಚಿಕ್ಕಮ್ಮ ಬೈಯಲಿಲ್ಲ. "ತಂಬಿ, ಇದನ್ನ ಎಡಗೈಲಿ ಸ್ಟಾರ್ಟ್ ಮಾಡಕ್ಕಾಗ್ತದಾ?" ಅಂತ ಕೇಳಿದಳು. ಪೆಟ್ರೋಲ್ ಮಿಷಿನ್ನಿಗೆ ಹಗ್ಗ ಜಗ್ಗಬೇಕು. ಎಡಗೈಯಲ್ಲಿ ಜಗ್ಗಿದಳು, ಹಗ್ಗ ಗೇಣುದ್ದವೂ ಬರಲಿಲ್ಲ. ಬಲಗೈ ಹಾಕಿದವಳು ಮಣಿಕಟ್ಟು ಹಿಡಿದು ಕೂತುಬಿಟ್ಟಳು. ಗುರುಪ್ರಸನ್ನ ಅವಳನ್ನು ಮೂಲೆಯಲ್ಲಿದ್ದ ಕರೆಂಟಿನ ಮಿಷಿನ್ ಹತ್ತಿರ ಕರೆದುಕೊಂಡು ಹೋದ. ಎಡಗೈ ಹೆಬ್ಬೆರಳಿನಲ್ಲಿ ಸ್ವಿಚ್ ಒತ್ತಿದಳು, ಗುರ್ ಅಂತು. ಚಿಕ್ಕಪ್ಪನ ಚೀಲದಿಂದ ಮಟ್ಟೆ ತೆಗೆದು ಒಳಗೆ ಬಿಟ್ಟಳು. ಎರಡು ವರ್ಷ ಊರೂರು ಸುತ್ತಿದ ಸ್ಯಾಂಪಲ್ಲು ಕಣ್ಣು ಮಿಟುಕಿಸುವಷ್ಟರಲ್ಲಿ ಪುಡಿಪುಡಿ.

ಬ್ಲೇಡು, ಚಕ್ರ, ಮೀಸೆ ಎಲ್ಲ ನೋಡಿದ್ದ ಮನುಷ್ಯ ಮಿಷಿನ್ ಓಡಿಸುವ ಕೈಯನ್ನು ಈಗ ಮೊದಲ ಸಲ ನೋಡುತ್ತಿದ್ದರು.

"ಎಡಗೈಲಾ ಕಡೀತಿದ್ದೆ?" ಅಂದರು ಮೆಲ್ಲಗೆ.

"ಎರಡು ವರ್ಷಾಗಿ," ಅಂದಳು ಚಿಕ್ಕಮ್ಮ.

ಚಿಕ್ಕಪ್ಪನ ಮುಖ ಇಷ್ಟೇ ಇಷ್ಟಾಯಿತು. ನನಗೆ ಅವರನ್ನು ನೋಡಿ ಮೊದಲ ಸಲ ಪಾಪ ಅನ್ನಿಸಿತು. ಚಿಕ್ಕಮ್ಮ ಅದೇ ಮಿಷಿನ್ ಕಟ್ಟಿಕೊಡಲು ಹೇಳಿದಳು.

"ಗರಿ ಎಳ್ಕೊಂಡು ಬಂದು ಕೊಡೋಕೆ ಇನ್ನೊಬ್ಬರು ಬೇಕಾಗ್ತಾರೆ, ಅಮ್ಮಾ," ಅಂದ ಗುರುಪ್ರಸನ್ನ. "ಯಾರಾದರೂ ಆಳು ಇದಾರಾ?"

ಚಿಕ್ಕಪ್ಪ ಕೆಮ್ಮುತ್ತಲೇ ಕೈ ಎತ್ತಿದರು.

"ಅವ್ರೇ ಸಾಕು," ಅಂದಳು ಚಿಕ್ಕಮ್ಮ. "ಇನ್ನೊಂದು ಆಳು ಆರಿಸಕ್ಕೆ ಕೂತ್ರೆ ನನ್ ಎಡಗೈಯೂ ಹೋಗ್ತದೆ."