ಪಾಸ್‌ಪೋರ್ಟ್ ವಾಪಸು ಪಡೆದದ್ದು

ಕೆನಡಾದ ಕಾಯಂ ವಾಸದ ವೀಸಾಕ್ಕೆ ಶುಲ್ಕ ಕಟ್ಟಿ ಒಂದೂವರೆ ವರ್ಷವಾಗಿತ್ತು. ಆಸ್ಪತ್ರೆಯಲ್ಲಿ ಜೊತೆಯ ನರ್ಸುಗಳೆಲ್ಲ, “ಇನ್ನೂ ಹೋಯ್ಲಿಲ್ಯಾ?” ಎಂದು ಕೇಳಿ ಕೇಳಿ ಸುಮ್ಮನಾಗಿದ್ದರು. ಒಂದು ದಿನ, ಅರ್ಜಿ ಹಾಕುವಾಗಲೇ ನನ್ನ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದ ಕುಂದಾಪುರದ ವೀಸಾ ಏಜೆಂಟ್ ನನ್ನನ್ನು ಆಫೀಸಿಗೆ ಕರೆಸಿದ.

“ಇನ್ನೊಂದ್ ಐವತ್ತು ಸಾವಿರ ಕೊಡಿ ಅಕ್ಕ, ಫೈಲ್ ಬೇಗ ಹೋತ್.”

“ರಶೀದಿ ಕೊಡ್ತ್ರಾ?”

“ಇದಕ್ಕೆಲ್ಲ ರಶೀದಿ ಇಲ್ಲೆ.”

“ಹಂಗಾರೆ ದುಡ್ಡೂ ಇಲ್ಲೆ. ನನ್ನ ಪಾಸ್‌ಪೋರ್ಟ್ ಕೊಡಿ.”

ನಾಳೆ ಬನ್ನಿ ಎಂದ. ನಾನು ಏಳಲಿಲ್ಲ. ಅರ್ಜಿ ಹಾಕಲು ಬಂದ ಹೊಸಬರ ನಡುವೆ ಕೂತು, ಕೇಳಿದವರಿಗೆಲ್ಲ ನಡೆದದ್ದನ್ನು ಗಟ್ಟಿಯಾಗಿ ಹೇಳಿದೆ. ಇಬ್ಬರು ಎದ್ದು ಹೊರಟರು. ಮೂರನೆಯವರು ಚೀಲ ಹೆಗಲಿಗೇರಿಸುವಷ್ಟರಲ್ಲಿ ಪಾಸ್‌ಪೋರ್ಟ್ ಮೇಜಿನ ಮೇಲೆ ಬಂತು. ಇನ್ನು ನಾನೇ ನೋಡಿಕೊಳ್ಳಲೆಂದು ಆನ್‌ಲೈನ್ ಅರ್ಜಿಯ ಪಾಸ್‌ವರ್ಡನ್ನೂ ಅವನ ಕೈಯಲ್ಲೇ ಬರೆಸಿಕೊಂಡೆ.

ವೀಸಾ ಇನ್ನೂ ಬಂದಿಲ್ಲ. ಬರೀ ಕಾಯುವುದಕ್ಕೆ ಏಜೆಂಟ್ ಯಾಕೆ, ಅದು ನನಗೇ ಚೆನ್ನಾಗಿ ಬರುತ್ತದೆ.