‘ಯಾರಿಗಿಂತ?’ ಎನ್ನುತ್ತಿದ್ದ ಅಯ್ಯನವರು

ಕಡೂರಿನ ನಮ್ಮ ಪುಟ್ಟ ಚರ್ಚಿಗೆ ಬಂದಿದ್ದ ಪಾದ್ರಿಯವರಿಗೆ ಗ್ರೀಕ್ ಗೊತ್ತಿತ್ತು. ಯಾರಾದರೂ ‘ಅವರು ದೊಡ್ಡೋರು’ ಅಂದರೆ ಸಾಕು, ಕನ್ನಡಕವನ್ನು ಹಣೆಗೇರಿಸಿ, “ಯಾರಿಗಿಂತ ಕಣಪ್ಪಾ?” ಎಂದು ಕೇಳುತ್ತಿದ್ದರು. ತಮ್ಮಲ್ಲಿ ಯಾರು ದೊಡ್ಡವರೆಂದು ಯೇಸುವಿನ ಶಿಷ್ಯರು ವಾದಿಸುವ ಕಡೆ ಮೂಲದಲ್ಲಿರುವ ಪದ ‘ಮೇಯ್ಜೋನ್’ ಅಂತೆ. “ಆ ಪದದ ಹೊಟ್ಟೇಲೇ ‘ಗಿಂತ’ ಐತೆ. ಪಕ್ಕದಲ್ಲಿ ಇನ್ನೊಬ್ಬ ಇಲ್ದಿದ್ರೆ ಅದ್ಕೆ ಕೆಲ್ಸವೇ ಇಲ್ಲ” ಎಂದು ನಗುತ್ತಿದ್ದರು.

ಒಂದು ಕ್ರಿಸ್‌ಮಸ್ ಊಟದಲ್ಲಿ ಸಭೆಯ ಹಿರಿಯರಿಬ್ಬರು ಮೊದಲ ಪಂಕ್ತಿಯ ಮೊದಲ ಎಲೆ ತಮಗೇ ಬೇಕೆಂದು ಪಟ್ಟು ಹಿಡಿದರು. ಅವರು ಕೂರದೆ ಯಾರೂ ಕೂರುವಂತಿಲ್ಲ, ಅನ್ನ ಆರುತ್ತಿತ್ತು. ಪಾದ್ರಿಯವರು ನಿಲುವಂಗಿಯ ತೋಳು ಮಡಚಿ, ಒಬ್ಬರಿಗೆ ಸಾರಿನ ಬಕೆಟ್, ಇನ್ನೊಬ್ಬರಿಗೆ ಪಲ್ಯದ ಬಕೆಟ್ ಹಿಡಿಸಿ, ತಾವು ಅನ್ನದ ಬೇಸಿನ್ ಎತ್ತಿಕೊಂಡರು. “ಬನ್ನಿ, ಬಡ್ಸೋರಿಗೆ ಮೊದ್ಲ ಎಲೆ ಬೇಕಾಗಲ್ಲ!”

ಮೂವರೂ ಕೂತದ್ದು ಕೊನೆಯ ಪಂಕ್ತಿಗೆ. ಪಾತ್ರೆಯ ತಳದಲ್ಲಿ ಉಳಿದಿದ್ದ ಪಾಯಸವನ್ನು ನಾನು ಕೆರೆದು ಬಡಿಸಿದೆ.

“ಆಹಾ, ಇದು ಜಾಸ್ತಿ ಸಿಹಿ ಕಣಮ್ಮಾ!” ಅಂದರು ಪಾದ್ರಿಯವರು.

“ಯಾವ್ದಕ್ಕಿಂತ ಅಯ್ಯನೋರೇ?” ಅಂದೆ.

ಕನ್ನಡಕ ಹಣೆಗೇರಿತು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಬೆರಳು ನೆಕ್ಕುತ್ತಾ ಹೇಳಿದರು: “ಮೊದ್ಲ ಎಲೇಲಿ ಕೂತು ತಿನ್ಬೇಕು ಅಂತಿದ್ನಲ್ಲಾ, ಆ ಪಾಯಸಕ್ಕಿಂತ.”